ಕುಂಜುಮ್ ದಾರಿಯೂ ದುಬಾರಿ ಗಾಡಿಯೂ

ದೆಹಲಿಯಲ್ಲಿ ಹುಟ್ಟಿ ಬೆಳೆದ ನಮ್ಮ ಕನ್ನಡದ ಮಕ್ಕಳಿಗೆ ಮಲೆನಾಡಿಗಿಂತ ಹಿಮಾಚಲವೇ ಹತ್ತಿರ. ನಾಲ್ಕು ದಿನ ರಜೆ ಸಿಕ್ಕರೆ ಸಾಕು, ಗಾಡಿ ಮನಾಲಿಯತ್ತ ತಿರುಗುತ್ತದೆ. ಈಚೆಗೆ ದೊಡ್ಡ ಸಂಬಳದ ಜೊತೆಗೆ ದೊಡ್ಡ ಗಾಡಿಗಳೂ ಬಂದಿವೆ. ಗಾಡಿ ಬಂದ ಮರುವಾರವೇ ಅದಕ್ಕೆ ಅಲಂಕಾರ ಶುರು: ಮುಂದೆ ಉಕ್ಕಿನ ಬುಲ್‌ಬಾರ್, ನೆತ್ತಿಯ ಮೇಲೆ ದೀಪಗಳ ಸಾಲು, ಪಕ್ಕದಲ್ಲಿ ಆನೆಯ ಸೊಂಡಿಲಿನಂಥ ಸ್ನಾರ್ಕೆಲ್. ಇವುಗಳಲ್ಲಿ ಯಾವುದು ಬೇಕೆಂದು ಅಂಗಡಿಯವನನ್ನು ಕೇಳಿದರೆ ಎಲ್ಲವೂ ಬೇಕು ಎಂದಾನು. ರಸ್ತೆಯನ್ನು ಕೇಳಿದರೆ ಬೇರೆಯೇ ಉತ್ತರ ಸಿಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಅಕ್ಕನ ಮಗನ ಲ್ಯಾಂಡ್ ರೋವರ್ ಡಿಫೆಂಡರ್‌ನಲ್ಲಿ ಮನಾಲಿಯಿಂದ ಸ್ಪಿತಿ ಕಣಿವೆಯ ಕಾಜಾಕ್ಕೆ ಹೋಗಿಬಂದಾಗ ಆ ಉತ್ತರ ನನಗೂ ಸ್ವಲ್ಪ ತಿಳಿಯಿತು.

ಮನಾಲಿ ಬಿಟ್ಟು, 2020ರ ಅಕ್ಟೋಬರ್ 3ರಂದು ತೆರೆದ ಒಂಬತ್ತು ಕಿಲೋಮೀಟರ್ ಉದ್ದದ ಅಟಲ್ ಸುರಂಗ ದಾಟಿದರೆ ಲಾಹೌಲ್. ಎಡಕ್ಕೆ ಹೋದರೆ ಸಿಸ್ಸು, ಕೇಲಾಂಗ್, ಮುಂದೆ ಲೇಹ್. ಬಲಕ್ಕೆ ಹೋದರೆ ಕೋಕ್ಸರ್, ಗ್ರಾಂಫೂ. ಗ್ರಾಂಫೂ ದಾಟಿದ ಮೇಲೆ ನಾವು ಹೋದಾಗ ಡಾಂಬರು ಹೆಸರಿಗಷ್ಟೇ ಇತ್ತು. ಚಂದ್ರಾ ನದಿಯ ಪಕ್ಕದಲ್ಲಿ ಛತ್ರು, ಛೋಟಾ ದಾರಾ, ಬಾತಲ್ ಎಂದು ಕಲ್ಲಿನ ಮೇಲೆಯೇ ಪಯಣ. ಬೆಟ್ಟದಿಂದ ಇಳಿಯುವ ತೊರೆಗಳು ರಸ್ತೆಗೆ ಅಡ್ಡವಾಗಿ, ರಸ್ತೆಯ ಮೇಲೆಯೇ ಹರಿಯುತ್ತವೆ.

ಈ ದಾರಿ ಮೊದಲು ಪರೀಕ್ಷಿಸುವುದು ಟಯರನ್ನು. ದುಬಾರಿ ಗಾಡಿಗಳಿಗೆ ಅಂದಕ್ಕಾಗಿ ದೊಡ್ಡ ರಿಮ್, ತೆಳು ಟಯರು ಹಾಕಿರುತ್ತಾರೆ. ಚೂಪುಗಲ್ಲು ತಾಗಿದರೆ ಟಯರಿನ ಪಕ್ಕೆ ಸೀಳುತ್ತದೆ. ಪಕ್ಕೆ ಸೀಳಿದರೆ ಪಂಕ್ಚರ್ ಅಂಗಡಿಯವನೂ ಕೈಚೆಲ್ಲುತ್ತಾನೆ. ನಮ್ಮ ಹುಡುಗ 20 ಇಂಚಿನ ರಿಮ್ ತೆಗೆಸಿ 18 ಇಂಚಿನದು ಹಾಕಿಸಿದ್ದ. 255/60 ಆರ್ 20 ಟಯರಿನ ಪಕ್ಕೆಯ ಎತ್ತರ 153 ಮಿಲಿಮೀಟರ್. 255/70 ಆರ್ 18ರದು ಸುಮಾರು 178. ಆದರೆ ಇಡೀ ಚಕ್ರದ ವ್ಯಾಸ ಎರಡರಲ್ಲೂ 814 ಮಿಲಿಮೀಟರ್. ಹೀಗಾಗಿ ವೇಗದ ಮುಳ್ಳು ತಪ್ಪು ತೋರಿಸುವುದಿಲ್ಲ, ಕಲ್ಲಿಗೂ ರಿಮ್ಮಿಗೂ ನಡುವೆ ರಬ್ಬರು ಹೆಚ್ಚಾಗುತ್ತದೆ. ಚಿಕ್ಕ ರಿಮ್ ಬ್ರೇಕಿಗೆ ತಾಗದೆ ಕೂರುತ್ತದೆಯೇ ಎಂದು ಮಾತ್ರ ಮೊದಲೇ ವಿಚಾರಿಸಬೇಕು. ಕಲ್ಲುದಾರಿ ಬಂದಾಗ ಅವನು ಗಾಳಿಯನ್ನು 35ರಿಂದ 27ಕ್ಕೆ ಇಳಿಸಿದ; ಗಾಡಿಯ ಕುಲುಕಾಟ ಅರ್ಧವಾಯಿತು. ಗಾಳಿ ಇಳಿಸಿದವರು ನಿಧಾನವಾಗಿ ಓಡಿಸಬೇಕು. ಡಾಂಬರು ಸಿಕ್ಕೊಡನೆ ಮತ್ತೆ ತುಂಬಲು ಪುಟ್ಟದೊಂದು ಕಂಪ್ರೆಸರ್ ಜೊತೆಗಿರಬೇಕು.

ಎರಡನೆಯದು ಸ್ಟೆಪ್ನಿ. ಎಷ್ಟೋ ದುಬಾರಿ ಗಾಡಿಗಳಲ್ಲಿ ಜಾಗ ಉಳಿಸಲು ತೆಳ್ಳನೆಯ ತಾತ್ಕಾಲಿಕ ಚಕ್ರ ಇಟ್ಟಿರುತ್ತಾರೆ. ಪಟ್ಟಣದಲ್ಲಿ ಅದು ಸಾಕು, ಬಾತಲ್‌ನಲ್ಲಿ ಸಾಲದು. ಉಳಿದ ನಾಲ್ಕರಂಥದೇ ಐದನೆಯ ಚಕ್ರ ಇಲ್ಲದೆ ಹೊರಡಬೇಡಿ.

ಮೂರನೆಯದು ಗಾಡಿಯ ಹೊಟ್ಟೆ. ಎಂಜಿನ್ನಿನ ಅಡಿಯಲ್ಲಿ ಅನೇಕ ಗಾಡಿಗಳಿಗೆ ಪ್ಲಾಸ್ಟಿಕ್ ತಟ್ಟೆಯಷ್ಟೇ ಇರುತ್ತದೆ. ಕಲ್ಲು ಬಡಿದು ಆಯಿಲ್ ಸೋರಿದರೆ ಅಲ್ಲಿಗೆ ಪ್ರವಾಸ ಮುಗಿಯಿತು. ಅದರ ಜಾಗದಲ್ಲಿ ಉಕ್ಕಿನ ಅಥವಾ ಅಲ್ಯುಮಿನಿಯಂ ಹಲಗೆ ಹಾಕಿಸಿದರೆ ಧೈರ್ಯ. ಹೊಳೆಯುವ ಪಾವಟಿಗೆಗಳು ಮಾತ್ರ ಕಲ್ಲಿಗೆ ಮೊದಲು ಸಿಕ್ಕುವಂಥವು. ಅವನ್ನು ಮನೆಯಲ್ಲೇ ಬಿಚ್ಚಿಡುವುದು ಲೇಸು.

ಈಗ ನೀರಿನ ಮಾತು. ಡಿಫೆಂಡರ್ 900 ಮಿಲಿಮೀಟರ್ ಆಳದ ನೀರು ದಾಟಬಲ್ಲದು ಎಂದು ತಯಾರಕರೇ ಹೇಳುತ್ತಾರೆ. ಆದರೆ ಅದು ಆಳದ ಲೆಕ್ಕ, ಸೆಳೆತದ ಲೆಕ್ಕವಲ್ಲ. ಸ್ನಾರ್ಕೆಲ್ ಎಂಜಿನ್ನಿಗೆ ಗಾಳಿಯನ್ನು ಎತ್ತರದಿಂದ ಕೊಡುತ್ತದೆ, ಅಷ್ಟೇ. ಪಕ್ಕದಿಂದ ನುಗ್ಗುವ ಪ್ರವಾಹ ಗಾಡಿಯನ್ನು ತಳ್ಳಿದರೆ ಅದೇನು ಮಾಡೀತು? ಅಲ್ಲಿಯ ಚಾಲಕರು ತೊರೆಗಳನ್ನು ಬೆಳಿಗ್ಗೆ ಬೇಗ ದಾಟುತ್ತಾರೆ. ರಾತ್ರಿಯ ಚಳಿಗೆ ಹಿಮ ಕರಗುವುದು ನಿಂತು ಆಗ ನೀರು ಕಡಿಮೆ. ಮಧ್ಯಾಹ್ನದ ಬಿಸಿಲಿಗೆ ಅದೇ ತೊರೆ ಉಕ್ಕುತ್ತದೆ. ಲಕ್ಷ ರೂಪಾಯಿಯ ಸಾಮಾನು ಮಾಡದ ಕೆಲಸವನ್ನು ಗಡಿಯಾರ ಮಾಡುತ್ತದೆ. ನೀರಿನಲ್ಲಿ ಎಂಜಿನ್ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ. ಒಳಗೆ ಹೊಕ್ಕ ನೀರು ಗಾಳಿಯಂತೆ ಕುಗ್ಗುವುದಿಲ್ಲ. ಒಳಗಿನ ಕಬ್ಬಿಣವೇ ಬಾಗುತ್ತದೆ.

ಸಿಕ್ಕಿಕೊಂಡಾಗ ಎಳೆಯಲು ಭಾರಕ್ಕೆ ತಕ್ಕ ಹಗ್ಗ, ಚಾಸಿಸ್ಸಿಗೆ ಸೇರಿದ ಗಟ್ಟಿ ಕೊಕ್ಕೆ ಬೇಕು. ಟ್ರೇಲರ್ ಕಟ್ಟುವ ಗುಂಡಿಗೆ ಹಗ್ಗ ಬಿಗಿದು ಎಳೆಯಬಾರದು. ಅದು ಮುರಿದರೆ ಗುಂಡಿನಂತೆ ಹಾರಿ ಪ್ರಾಣ ತೆಗೆಯುತ್ತದೆ. ಎಳೆಯುವಾಗ ಎಲ್ಲರೂ ದೂರ ನಿಲ್ಲಬೇಕು, ಫೋಟೋ ತೆಗೆಯುವವರೂ ಸೇರಿ.

ಬುಲ್‌ಬಾರಿನ ಆಸೆ ಬಿಟ್ಟುಬಿಡಿ. ಡಿಕ್ಕಿಯಾದಾಗ ಏರ್‌ಬ್ಯಾಗ್ ಸರಿಯಾಗಿ ತೆರೆಯಲು ಅದು ಅಡ್ಡಿಯಾಗಬಹುದು, ಎದುರು ಸಿಕ್ಕ ಪಾದಚಾರಿಗೂ ಅಪಾಯ. ಅದನ್ನು ತೆಗೆಸುವಂತೆ ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ತಯಾರಕರು ನಮೂದಿಸಿದ ಮೂಲ ವಿವರಗಳು ಬದಲಾಗುವಂತೆ ಗಾಡಿ ಮಾರ್ಪಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ತಡೆಯಿದೆ. ಹಾಗಾಗಿ ಏನೇ ಮಾಡಿಸುವ ಮುನ್ನ ಆರ್‌ಟಿಓ ಮತ್ತು ವಿಮೆಯವರನ್ನು ಕೇಳಿ.

ನಮ್ಮ ಮಲೆನಾಡಿನ ತೋಟಗಳಲ್ಲಿ ಮಳೆಗಾಲಕ್ಕೆ ಜೀಪಿನ ಚಕ್ರಕ್ಕೆ ಸರಪಳಿ ಕಟ್ಟುತ್ತಾರೆ. ಬಣ್ಣ ಹೋದ ಜೀಪು, ಆದರೂ ಕೆಸರಿನ ಏರಿನಲ್ಲಿ ಜಾರುವುದಿಲ್ಲ. ಮಾರ್ಪಾಡು ಎಂದರೆ ಅದು: ದಾರಿ ಏನು ಕೇಳುತ್ತದೋ ಅಷ್ಟು. ನಿಮ್ಮ ಅಜ್ಜಂದಿರಿಗೆ ಗೊತ್ತಿದ್ದ ಈ ವಿವೇಕ ನಿಮಗೂ ಬರಲಿ ಎಂಬುದೇ ನನ್ನ ಆಸೆ.

ನಾಲ್ಕೂವರೆ ಸಾವಿರ ಮೀಟರಿಗೂ ಎತ್ತರದ ಕುಂಜುಮ್ ಕಣಿವೆದಾರಿಯ ನೆತ್ತಿಯಲ್ಲಿ ದೇವಿಯ ಗುಡಿಯಿದೆ. ಹಾದುಹೋಗುವ ಗಾಡಿಗಳು ಅದಕ್ಕೆ ಪ್ರದಕ್ಷಿಣೆ ಬಂದೇ ಮುಂದೆ ಹೋಗುವುದು ವಾಡಿಕೆ. ನಾವೂ ಬಂದೆವು. ನಮ್ಮ ಹಿಂದೆಯೇ ಹಿಮಾಚಲ ಸಾರಿಗೆಯ ಧೂಳು ಹಿಡಿದ ಬಸ್ಸೊಂದು ಏದುಸಿರು ಬಿಡುತ್ತಾ ಹತ್ತಿ ಬಂತು. ಅದಕ್ಕೆ ಸ್ನಾರ್ಕೆಲ್ಲೂ ಇರಲಿಲ್ಲ, ದೀಪಗಳ ಸಾಲೂ ಇರಲಿಲ್ಲ. ಎತ್ತರದ ಚಕ್ರಗಳಿದ್ದವು, ದಾರಿ ಬಲ್ಲ, ಅವಸರವಿಲ್ಲದ ಚಾಲಕನಿದ್ದ. ಅವನೂ ಗುಡಿಯ ಸುತ್ತ ಬಸ್ಸು ತಿರುಗಿಸಿ, ಲೋಸರ್‌ನತ್ತ ನಿಧಾನವಾಗಿ ಇಳಿದುಹೋದ.