ಮಂಗಳೂರಿನಿಂದ ಸ್ಟುಟ್‌ಗಾರ್ಟ್‌ಗೆ: ಹೊರಡುವ ಮೊದಲಿನ ಒಂದು ತಿಂಗಳು

ವಿದೇಶಕ್ಕೆ ಹೊರಟ ಮನೆಯನ್ನು ಗುರುತಿಸುವುದು ಸುಲಭ. ಚಾವಡಿಯಲ್ಲಿ ಬಾಯಿ ತೆರೆದ ಸೂಟ್‌ಕೇಸುಗಳು, ಪಕ್ಕದಲ್ಲಿ ಲಗೇಜು ತೂಗುವ ಪುಟ್ಟ ತಕ್ಕಡಿ, ಗೋಡೆಗೆ ಅಂಟಿಸಿದ ಉದ್ದದ ಪಟ್ಟಿ, ಆ ಪಟ್ಟಿಯಲ್ಲಿ ಇಲ್ಲದ್ದನ್ನೇ ಕಟ್ಟಿಕೊಂಡು ಬರುವ ನೆಂಟರು. ನೀವು ಆಗಲೇ ಹೊರದೇಶದಲ್ಲಿದ್ದರೆ ಆ ದಿನಗಳು ನೆನಪಿರುತ್ತವೆ. ನಿಮ್ಮ ತಂಗಿಯೋ ಗೆಳೆಯನೋ ಈಗ ಹೊರಟಿದ್ದರೆ ದಿನಕ್ಕೆ ನಾಲ್ಕು ಸಲ ನಿಮ್ಮ ಫೋನು ರಿಂಗಾಗುತ್ತಿರುತ್ತದೆ. ಅವರು ಮಕ್ಕಳನ್ನು ಕರೆದುಕೊಂಡು ಜರ್ಮನಿಗೆ ಬರುವವರಾದರೆ, ನಮ್ಮ ಪಟ್ಟಿಯನ್ನೂ ಅದರಲ್ಲಿ ಬಿಟ್ಟುಹೋಗಿದ್ದ ಒಂದು ಸಂಗತಿಯನ್ನೂ ಅವರಿಗೆ ತಿಳಿಸಿ.

ಮೊದಲು ಹೊರಡುವ ದಿನ. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವುರ್ಟೆಂಬೆರ್ಗ್ ರಾಜ್ಯದಲ್ಲಿ ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವುದು ಸೆಪ್ಟೆಂಬರ್‌ನಲ್ಲಿ. ಅದಕ್ಕೆ ಎರಡು ಮೂರು ವಾರ ಮೊದಲು ಬಂದು ಇಳಿದರೆ ಮಗುವಿಗೆ ಉಸಿರಾಡಲು ಸಮಯ ಸಿಗುತ್ತದೆ. ನಮ್ಮ ಅತ್ತೆಯವರದ್ದು ಒಂದೇ ಷರತ್ತು: "ಆಟಿಯಲ್ಲಿ ಮಾತ್ರ ಹೊರಡುದು ಬೇಡ ಮಾರಾಯ್ತಿ." ಆಟಿ ತಿಂಗಳು ಮುಗಿಯುವುದು ಆಗಸ್ಟ್ ಮಧ್ಯಕ್ಕೆ. ಶಾಲೆಯ ಲೆಕ್ಕವೂ ಅತ್ತೆಯವರ ಲೆಕ್ಕವೂ ಕೂಡಿಬಂದು, ಸೋಣ ತಿಂಗಳಲ್ಲಿ ಟಿಕೆಟ್ ಆಯಿತು.

ಇನ್ನು ಕಾಗದಪತ್ರ. ಎಲ್ಲರ ಜನನ ಪ್ರಮಾಣಪತ್ರ, ನಿಮ್ಮ ವಿವಾಹ ಪ್ರಮಾಣಪತ್ರ, ಮಗುವಿನ ಶಾಲೆಯ ದಾಖಲೆ, ಲಸಿಕೆಯ ಕಾರ್ಡು, ಇವನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಲಸಿಕೆಯ ಕಾರ್ಡನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2020ರ ಮಾರ್ಚ್‌ನಿಂದ ಜರ್ಮನಿಯಲ್ಲಿ ಶಾಲೆಗೆ ಸೇರುವ ಮಗುವಿಗೆ ದಡಾರದ ಲಸಿಕೆ ಆಗಿದೆ ಎಂದು ತೋರಿಸುವುದು ಕಡ್ಡಾಯ. ಎರಡು ಡೋಸುಗಳ ದಿನಾಂಕವೂ ಸ್ಪಷ್ಟವಾಗಿ ಕಾಣುವಂತಿರಲಿ. ನಮ್ಮ ಹಳೆಯ ಕಾರ್ಡಿನಲ್ಲಿ ಒಂದು ದಿನಾಂಕ ಮಳೆನೀರು ತಾಗಿ ಅಳಿಸಿಹೋಗಿತ್ತು. ಡಾಕ್ಟರ ಹತ್ತಿರ ಮತ್ತೆ ಬರೆಸಿ ಸೀಲು ಹಾಕಿಸಿಕೊಂಡೆವು. ಊರಲ್ಲಿದ್ದಾಗ ಅರ್ಧ ಗಂಟೆಯ ಕೆಲಸ ಅದು.

ತಿಂಡಿಯ ವಿಷಯದಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ, ಮಾಂಸದ ಪದಾರ್ಥಗಳನ್ನು ತರುವಂತಿಲ್ಲ. ಅಜ್ಜಿ ಕಾಯಿಸಿದ ತುಪ್ಪ ಊರಲ್ಲೇ ಉಳಿಯಬೇಕು. ತಾಜಾ ಬೇವಿನಸೊಪ್ಪನ್ನೂ ಸರ್ಕಾರಿ ಪ್ರಮಾಣಪತ್ರವಿಲ್ಲದೆ ತರುವ ಹಾಗಿಲ್ಲ. ತೆಂಗಿನಕಾಯಿಗೆ ಆ ಪತ್ರ ಬೇಡ ಎಂದು ತಿಳಿದಾಗ ಅತ್ತೆಯವರಿಗೆ ಜರ್ಮನಿಯ ಮೇಲೆ ಸ್ವಲ್ಪ ಗೌರವ ಬಂತು.

ಇಷ್ಟೆಲ್ಲ ಮುಗಿದು, ಹೊರಡಲು ಹತ್ತು ದಿನ ಇರುವಾಗ, ಎಂಟು ವರ್ಷದ ಮಗ ರಾತ್ರಿ ನಿದ್ದೆ ಮಾಡುವುದನ್ನೇ ಬಿಟ್ಟ. ಎರಡು ದಿನ ಕಾರಣ ಹೇಳಲಿಲ್ಲ. ಮೂರನೆಯ ರಾತ್ರಿ ಕಿವಿಯಲ್ಲಿ ಕೇಳಿದ: "ಅಮ್ಮಾ, ಒಂದಕ್ಕೆ ಹೋಗ್ಬೇಕೂಂತ ಅಲ್ಲಿ ಹೇಗೆ ಹೇಳುದು?"

ಹೊಸ ಮನೆ ಚೆನ್ನಾಗಿರುತ್ತದೆ, ಹಿಮ ಬೀಳುತ್ತದೆ, ಸೈಕಲ್ ತೆಗೆದುಕೊಡುತ್ತೇವೆ ಎಂದೆಲ್ಲ ತಿಂಗಳುಗಟ್ಟಲೆ ಹೇಳಿದ್ದೆವು. ತರಗತಿಯ ಮಧ್ಯೆ ಚಡ್ಡಿ ಒದ್ದೆಯಾದರೆ ಏನು ಮಾಡುವುದು ಎಂಬ ಹೆದರಿಕೆಯಲ್ಲಿ ಅವನು ಅಷ್ಟೂ ದಿನ ಇದ್ದ. ನಮ್ಮ ಪಟ್ಟಿಯಲ್ಲಿ ಅದು ಇರಲೇ ಇಲ್ಲ.

ಮರುದಿನ ಮಳೆ ಸ್ವಲ್ಪ ಬಿಟ್ಟಾಗ ಅವನನ್ನು ಬಲ್ಮಠದ ಗುಡ್ಡಕ್ಕೆ ಕರೆದುಕೊಂಡು ಹೋದೆ. ನೀವು ಮಂಗಳೂರಿನವರಾದರೆ ಆ ರಸ್ತೆಯಲ್ಲಿ ಸಾವಿರ ಸಲ ಓಡಾಡಿರುತ್ತೀರಿ. ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದವರೂ ಅವರೇ. ಅವರಲ್ಲಿ ಹಲವರು ನಾವು ಹೊರಟಿದ್ದ ವುರ್ಟೆಂಬೆರ್ಗ್ ಸೀಮೆಯವರು. ಅಲ್ಲಿನ ಬ್ರಾಕೆನ್‌ಹೈಮ್ ಎಂಬ ಊರಲ್ಲಿ ಹುಟ್ಟಿದ ಹೆರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದು, ಕನ್ನಡ ಕಲಿತು, 1843ರಲ್ಲಿ 'ಮಂಗಳೂರ ಸಮಾಚಾರ' ಎಂಬ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದರು. ಆಮೇಲೆ ಬಂದ ಫರ್ಡಿನಾಂಡ್ ಕಿಟೆಲ್ ಕನ್ನಡ-ಇಂಗ್ಲಿಷ್ ನಿಘಂಟನ್ನೇ ಮಾಡಿದರು. ಅದು ಅಚ್ಚಾದದ್ದೂ ಮಂಗಳೂರಿನಲ್ಲೇ, 1894ರಲ್ಲಿ.

ಕಥೆಯ ಹಾಗೆ ಹೇಳಿದೆ. ಅವರೆಲ್ಲ ಹಡಗಿನಲ್ಲಿ ಬಂದರು, ಬರುವಾಗ ನಮ್ಮ ಭಾಷೆ ಅವರಿಗೆ ಬರುತ್ತಿರಲಿಲ್ಲ, ಆಮೇಲೆ ನಮಗೇ ಪುಸ್ತಕ ಮಾಡಿಕೊಟ್ಟರು ಅಂತ. ಅವನು ಯೋಚನೆ ಮಾಡಿ ಕೇಳಿದ: "ಅವರಿಗೆ ಒಂದಕ್ಕೆ ಹೋಗ್ಬೇಕಾದ್ರೆ ಹೇಗೆ ಕೇಳಿದ್ರು?"

"ಯಾರಾದ್ರೂ ಕಲಿಸಿರ್ಬೇಕು ಮಗಾ" ಎಂದೆ. ಮನೆಗೆ ಬಂದು ನಾವೂ ಕಲಿತೆವು. "ಇಶ್ ಮುಸ್ ಔಫ್ ಡೀ ಟೊಯ್‌ಲೆಟ್ಟೆ." ಅಜ್ಜಿಯೂ ಕಲಿತರು. ಹೊರಡುವವರೆಗೂ ಮನೆಯಲ್ಲಿ ಯಾರೇ ಬಚ್ಚಲ ಕಡೆಗೆ ಎದ್ದರೂ ಆ ವಾಕ್ಯ ಹೇಳದೆ ಹೋಗುವಂತಿರಲಿಲ್ಲ. ಜೊತೆಗೆ ಇನ್ನೂ ನಾಲ್ಕು: ನನಗೆ ಅರ್ಥವಾಗಲಿಲ್ಲ, ನೀರು ಬೇಕು, ಹೊಟ್ಟೆ ನೋಯುತ್ತಿದೆ, ಅಮ್ಮನಿಗೆ ಫೋನು ಮಾಡಿ. ಐದನ್ನೂ ಒಂದು ಚೀಟಿಯಲ್ಲಿ ಕನ್ನಡ ಅಕ್ಷರದಲ್ಲಿ ಬರೆದು ಅವನ ಪೆನ್ಸಿಲ್ ಡಬ್ಬಿಯೊಳಗೆ ಅಂಟಿಸಿದೆ. ಮಗ ಅಂದು ರಾತ್ರಿ ನಿದ್ದೆ ಹೋದ. ವಿಮಾನ ನಿಲ್ದಾಣದಲ್ಲಿ ಅಜ್ಜಿಯೇ ಅಳು ತಡೆಯಲಾಗದೆ ಆ ಜರ್ಮನ್ ವಾಕ್ಯ ಹೇಳಿ ಅತ್ತ ನಡೆದರು. ಅವನು ನಕ್ಕ. ನಾವು ನಗಲಿಲ್ಲ.

ಸ್ಟುಟ್‌ಗಾರ್ಟ್ ಬಟ್ಟಲಿನಂಥ ಊರು. ತಗ್ಗಿನಲ್ಲಿ ಪೇಟೆ, ಸುತ್ತ ಗುಡ್ಡ, ಗುಡ್ಡದ ಮೇಲೆ ದ್ರಾಕ್ಷಿ ತೋಟ, ಎಲ್ಲೆಲ್ಲೂ ಕಲ್ಲಿನ ಮೆಟ್ಟಿಲು. ಗುಡ್ಡ ಹತ್ತಿ ಇಳಿದು ಅಭ್ಯಾಸವಿರುವ ಮಂಗಳೂರಿನ ಕಾಲಿಗೆ ಅದು ಕಷ್ಟವಲ್ಲ. ಆದರೆ ಬಾಡಿಗೆ ಮನೆಯ ಬಾಗಿಲು ತೆರೆದಾಗ ಗಾಬರಿಯಾಗಬೇಡಿ: ಹಲವು ಮನೆಗಳಲ್ಲಿ ಅಡುಗೆಮನೆ ಎಂದರೆ ನಾಲ್ಕು ಗೋಡೆ, ಒಂದು ನಲ್ಲಿ, ಅಷ್ಟೇ. ಒಲೆ, ಸಿಂಕು, ಕಪಾಟು ಎಲ್ಲ ನೀವೇ ತರಬೇಕು. ಕೇಳಿಕೊಂಡೇ ಮನೆ ಒಪ್ಪಿ. ಮನೆಗೆ ಬಂದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಮಾಲೀಕರು ಸಹಿ ಹಾಕಿದ ಕಾಗದ ಬೇಕು. ಆ ನೋಂದಣಿಯ ಹೆಸರು ಆನ್‌ಮೆಲ್ಡುಂಗ್. ಬಾಗಿಲಿಗೆ 'ಕೇರ್‌ವೋಖೆ' ಎಂದು ಬರೆದ ಹಲಗೆ ನೇತಾಡಿದರೆ, ಆ ವಾರ ಮೆಟ್ಟಿಲು ಗುಡಿಸುವ ಸರದಿ ನಿಮ್ಮದು ಎಂದರ್ಥ. ದಿನಾ ಅಂಗಳ ಗುಡಿಸುವ ಅತ್ತೆಯವರು ಇದನ್ನು ಕೇಳಿ, "ವಾರಕ್ಕೆ ಒಂದೇ ಸಲವಾ?" ಎಂದರು.

ಜರ್ಮನ್ ಬಾರದ ಮಕ್ಕಳಿಗೆ ಈ ರಾಜ್ಯದ ಅನೇಕ ಶಾಲೆಗಳಲ್ಲಿ ಪೂರ್ವಸಿದ್ಧತೆಯ ತರಗತಿ ಇರುತ್ತದೆ. ಮಗ ಸೇರಿದ್ದೂ ಅಂಥದ್ದಕ್ಕೆ. ಮೊದಲ ದಿನ ಮಧ್ಯಾಹ್ನ ಗೇಟಿನ ಹೊರಗೆ ಕಾಯುತ್ತಿದ್ದೆ. ಅವನು ಬಂದವನೇ ಹೇಳಿದ: "ಮೂರು ಸಲ ಹೋದೆ. ಒಂದ್ಸಲ ಮಾತ್ರ ನಿಜವಾಗಿ ಬಂದದ್ದು. ಮತ್ತೆರಡು ಸಲ ಸುಮ್ನೆ ಕೇಳಿ ನೋಡಿದ್ದು."

ಚಳಿಗಾಲದಲ್ಲಿ ಆ ತರಗತಿಗೆ ಸಿರಿಯಾದಿಂದ ಒಬ್ಬ ಹುಡುಗ ಬಂದು ಸೇರಿದ. ಅವನು ಇಡೀ ದಿನ ಕುರ್ಚಿ ಬಿಟ್ಟು ಏಳಲಿಲ್ಲವಂತೆ. ಮಗನಿಗೆ ಕಾರಣ ಗೊತ್ತಿತ್ತು. ಪೆನ್ಸಿಲ್ ಡಬ್ಬಿ ತೆರೆದು ಚೀಟಿ ತೋರಿಸಿದ. ಕನ್ನಡ ಅಕ್ಷರ ಆ ಹುಡುಗನಿಗೆ ಓದಲು ಬರಬೇಕಲ್ಲ! ಕೊನೆಗೆ ಬಾಯಲ್ಲೇ ಹೇಳಿಕೊಟ್ಟು, ಇಬ್ಬರೂ ಕೈಯೆತ್ತಿ ಒಟ್ಟಿಗೇ ಹೋಗಿ ಬಂದರಂತೆ.

ನಿಮ್ಮವರ ಪಟ್ಟಿ ಎಷ್ಟೇ ಉದ್ದವಿರಲಿ, ಒಂದು ರಾತ್ರಿ ದೀಪ ಆರಿಸಿದ ಮೇಲೆ ಮಗುವಿನ ಪಕ್ಕ ಮಲಗಿ, ಯಾವುದಕ್ಕೆ ಹೆದರಿಕೆ ಎಂದು ಕೇಳಲು ಹೇಳಿ. ಮೊದಲ ರಾತ್ರಿ ಉತ್ತರ ಸಿಗಲಿಕ್ಕಿಲ್ಲ. ಮರುದಿನವೂ ಕೇಳಲಿ.