ದೇವಣಗಾಂವದ ರಂಜಕ

ಭೀಮಾತೀರದ ದೇವಣಗಾಂವದಲ್ಲಿ ಹಳೆಯ ಶಿಷ್ಯನೊಬ್ಬನ ಮನೆಗೆ ಹೋಗಿದ್ದೆನು. ಅವನ ತಾಯಿಯವರು ಜೋಳದ ರೊಟ್ಟಿಯೊಡನೆ ಕೆಂಡದಂತಹ ರಂಜಕವನ್ನು ಬಡಿಸಬರಲು, ಖಾರಕ್ಕೆ ಅಂಜಿ ಕೈ ಅಡ್ಡ ಹಿಡಿದೆನು. ಅವರ ಮುಖ ಬಾಡಿತು.

“ಬ್ಯಾಡಗಿ ಕಾಯಿರೀ ಮಾಸ್ತರ, ಬಣ್ಣ ಭಾಳ, ಖಾರ ಕಡಿಮಿ” ಎಂದರು.

ನಿಜವೇ. ಹಾವೇರಿ ಸೀಮೆಯ, 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಸುಕ್ಕುಗಾಯಿಯು ಗುಂಟೂರಿನ ಕಾಯಿಗಿಂತ ಸೌಮ್ಯವಾದುದು. ಡಬ್ಬಿ, ಕಡ್ಡಿ ಎಂದು ಇದರಲ್ಲಿ ಎರಡು ಬಗೆ. ಸಾರಿನ ಪುಡಿಗೆ ಬಣ್ಣಕ್ಕೆಂದು ಇದನ್ನೂ ಖಾರಕ್ಕೆಂದು ಗುಂಟೂರನ್ನೂ ಬೆರೆಸುವುದು ಗೃಹಿಣಿಯರ ಜಾಣ್ಮೆ. ನೆನೆಯಿಟ್ಟ ಕಾಯಿ, ಬೆಳ್ಳುಳ್ಳಿ, ಉಪ್ಪು, ಲಿಂಬೆಯ ರಸ ಕೂಡಿಸಿ ಅರೆದರೆ ರಂಜಕ.

ಸಂಸ್ಕೃತದಲ್ಲಿ ‘ರಂಜಕ’ವೆಂದರೆ ಬಣ್ಣ ಕಟ್ಟುವುದು, ಮನವನ್ನು ನಲಿಸುವುದೂ ಹೌದು. ಎರಡನೆಯ ರೊಟ್ಟಿಯನ್ನು ನಾನೇ ಕೇಳಿದಾಗ ಆ ತಾಯಿಯ ಮುಖ ಅರಳಿತು. ಮೂವತ್ತು ವರ್ಷ ಪಾಠ ಹೇಳಿದ ಶಬ್ದದ ಎರಡನೆಯ ಅರ್ಥವು ನನಗೆ ಅಂದು ತಿಳಿಯಿತು.