ಖಾಲಿ ಉಯ್ಯಾಲೆ

ಹಡಗಿನ ಐದನೇ ಮಹಡಿಯ ಕಂಬವೊಂದರ ಹಿಂದೆ ನಾನು ಅಡಗಿ ನಿಂತಿದ್ದೆ. 68ರ ವಯಸ್ಸಿನಲ್ಲಿ, ಮೊಮ್ಮಗಳ ಜೊತೆ ಕಣ್ಣಾಮುಚ್ಚಾಲೆಯ ನೆಪವೂ ಇಲ್ಲದೆ, ಒಬ್ಬಳು ಹುಡುಗಿಗೆ ಹೆದರಿ. ಬಿಳಿ ಕೋಟು, ಕೈಯಲ್ಲೊಂದು ಪುಟ್ಟ ಡಬ್ಬಿ, ಮುಖದಲ್ಲಿ ಬೆಣ್ಣೆಯಂಥ ನಗು. ಡಬ್ಬಿಯಲ್ಲಿದ್ದದ್ದು ಕಡಲ ಪಾಚಿಯ ಕ್ರೀಮು. ಹಿಂದಿನ ದಿನ ಅದನ್ನು ನನ್ನ ಎಡಗೈಗೆ ಸವರಿ, ಬಲಗೈಯನ್ನು ಪಕ್ಕಕ್ಕಿಟ್ಟು, ‘ನೋಡಿ, ಎಷ್ಟು ವ್ಯತ್ಯಾಸ!’ ಎಂದಿದ್ದಳು. ನನಗೆ ಕಂಡಂತೆ ಎರಡು ಕೈಗೂ ಒಂದೇ ವಯಸ್ಸು. ಆದರೂ ಮುಲಾಜಿಗೆ ತಲೆಯಾಡಿಸಿದೆ. ಅದೇ ತಪ್ಪಾಯಿತು.

ಉಸಿರು ಬಿಗಿಹಿಡಿದು ನಿಂತಿದ್ದಾಗ ನನ್ನ ಕಣ್ಣಿಗೆ ಕಟ್ಟಿದ್ದು ಮಾತ್ರ ಕಡಲಲ್ಲ, ಒಂದು ಖಾಲಿ ಉಯ್ಯಾಲೆ.

ನಾನು ಸಾಗರದವನು. ನಮ್ಮ ಸಾಗರದಲ್ಲಿ ಕಡಲಿಲ್ಲ, ಅಡಿಕೆ ತೋಟಗಳಿವೆ. ಆ ತೋಟಗಳ ನಡುವಿನ ಮಣ್ಣುದಾರಿಗಳಲ್ಲಿ 34 ವರ್ಷ ವಿಮಾ ಏಜೆಂಟನಾಗಿ ಓಡಾಡಿದ್ದೇನೆ. ತಿರುವಿನಲ್ಲಿ ನನ್ನ ಲೂನಾದ ಸದ್ದು ಕೇಳಿದ್ದೇ ತಡ, ಮನೆಯ ಯಜಮಾನರು ಮಾಯವಾಗುತ್ತಿದ್ದರು. ನಾನು ಜಗಲಿ ಹತ್ತುವಾಗ ಉಯ್ಯಾಲೆ ಇನ್ನೂ ತೂಗುತ್ತಿರುತ್ತಿತ್ತು. ಕವಳದ ತಟ್ಟೆಯಲ್ಲಿ ಅರ್ಧ ಸುಣ್ಣ ಹಚ್ಚಿದ ಎಲೆ. ಒಳಗಿನಿಂದ ಅಮ್ಮನವರು ಬಂದು, ‘ಅವರು ಬೆಳಿಗ್ಗೆಯೇ ಪೇಟೆಗೆ ಹೋದರಲ್ಲ’ ಅನ್ನುತ್ತಿದ್ದರು. ನಾನು ಉಯ್ಯಾಲೆ ನೋಡುತ್ತಿದ್ದೆ, ಅವರೂ ನೋಡುತ್ತಿದ್ದರು. ಅದು ನಿಲ್ಲುವವರೆಗೆ ಇಬ್ಬರೂ ಮಾತಾಡುತ್ತಿರಲಿಲ್ಲ. ಆಮೇಲೆ ಅವರು ಮಜ್ಜಿಗೆ ತರುತ್ತಿದ್ದರು, ನಾನು ಕುಡಿದು ಎದ್ದು ಬರುತ್ತಿದ್ದೆ. ಮದುವೆಮನೆಯ ಪಂಕ್ತಿಯಲ್ಲಿ ನನ್ನ ಎಡಬಲದ ಎಲೆಗಳಿಗೆ ಕೂರುವವರು ಕೊನೆಗೆ, ಬೇರೆಲ್ಲೂ ಜಾಗ ಸಿಗದಾಗ, ಬರುತ್ತಿದ್ದರು. ಪಾಯಸ ಬರುವ ಹೊತ್ತಿಗೆ ನಾನು ಅವರ ಮಕ್ಕಳ ವಯಸ್ಸು ಕೇಳಿ ಮುಗಿಸಿರುತ್ತಿದ್ದೆ.

ಅಂಥವನು ಈಗ ಕಂಬದ ಹಿಂದೆ. ಕರ್ಮ ಎಂಬುದಕ್ಕೆ ಪಾಸ್‌ಪೋರ್ಟು, ವೀಸಾ ಏನೂ ಬೇಕಿಲ್ಲ.

ಮಗ ಇರುವುದು ಸಿಯಾಟಲ್‌ನಲ್ಲಿ. ಅಪ್ಪ ಅಮ್ಮನಿಗೆ ಅಲಾಸ್ಕಾ ತೋರಿಸಬೇಕೆಂದು ಅವನಿಗೆ ಆಸೆ. 7 ರಾತ್ರಿಗಳ ಹಡಗು ಪಯಣ. ‘ಊಟ, ವಸತಿ ಎಲ್ಲ ಸೇರಿದೆ ಅಪ್ಪ. ನೀನು ಜೇಬಿಗೆ ಕೈ ಹಾಕೋದೇ ಬೇಡ’ ಅಂದ. ಆ ಮಾತು ನಿಜವೇ. ಹಡಗಿನಲ್ಲಿ ಯಾರೂ ಜೇಬಿಗೆ ಕೈ ಹಾಕುವುದಿಲ್ಲ. ಹತ್ತುವಾಗಲೇ ಒಂದು ಕಾರ್ಡು ಕೊಡುತ್ತಾರೆ. ಕೋಣೆಯ ಬೀಗದ ಕೈ ಅದೇ, ಗುರುತಿನ ಚೀಟಿ ಅದೇ, ಪರ್ಸೂ ಅದೇ. ನೋಟು ಎಣಿಸಿ ಕೊಡುವಾಗ ಬೆರಳಿಗೆ ಆಗುವ ಸಣ್ಣ ಸಂಕಟ ಈ ಕಾರ್ಡು ತೋರಿಸುವಾಗ ಆಗುವುದಿಲ್ಲ. ನಮ್ಮ ಅಡಿಕೆ ಮಂಡಿಯ ಖಾತೆಯೂ ಹೀಗೇ. ವರ್ಷವಿಡೀ ತಂದದ್ದು ಗೊತ್ತಾಗುವುದಿಲ್ಲ, ಸುಗ್ಗಿಯಲ್ಲಿ ಲೆಕ್ಕ ಓದಿ ಹೇಳಿದಾಗ ಎದೆ ಧಸಕ್ಕೆನ್ನುತ್ತದೆ.

ಮೊದಲ ದಿನ ಎದುರಾದದ್ದು ಪಾನೀಯದ ಪ್ಯಾಕೇಜು. ದಿನಕ್ಕೆ ತಲೆಗೆ 70 ಡಾಲರು, ಅದರ ಮೇಲೆ ಶೇ. 18 ಟಿಪ್ಸು. ಒಂದು ಕೋಣೆಯಲ್ಲಿ ಒಬ್ಬರು ಕೊಂಡರೆ ಇನ್ನೊಬ್ಬ ದೊಡ್ಡವರೂ ಕೊಳ್ಳಲೇಬೇಕಂತೆ. ಗಂಡ ಕುಡಿದರೆ ಹೆಂಡತಿಗೂ ಶಿಕ್ಷೆ ಎಂಬುದು ನಮ್ಮ ಕಡೆ ಮೊದಲಿನಿಂದ ಇರುವ ನಿಯಮ, ಇಲ್ಲಿ ಅದಕ್ಕೆ ರಸೀದಿ ಬೇರೆ. ನನ್ನಾಕೆ ಎಲ್ಲವನ್ನೂ ಶಾಂತವಾಗಿ ಕೇಳಿಸಿಕೊಂಡು, ‘ಬಿಸಿನೀರಿಗೆ ಎಷ್ಟಂತೆ ಕೇಳಿ’ ಅಂದಳು. ಬಿಸಿನೀರು ಪುಕ್ಕಟೆ. ಮಾರುವವನ ಮುಖ ಬಾಡಿತು.

ಆಮೇಲೆ ಸ್ಪಾ. ಸುಮ್ಮನೆ ಬಂದು ನೋಡಿ, ಲಾಟರಿ ಇದೆ, ಚೀಟಿ ಎತ್ತುವಾಗ ಎದುರಿಗೇ ಕೂತಿರಬೇಕು ಎಂದರು. ಕೂತೆವು. ಚೀಟಿಯಲ್ಲಿ ಹೆಸರು, ಕೋಣೆಯ ನಂಬರು, ಎಲ್ಲೆಲ್ಲಿ ನೋವಿದೆ ಎಂಬುದನ್ನೆಲ್ಲ ಬರೆದುಕೊಟ್ಟೆವು. ಲಾಟರಿ ನಮಗೆ ಹೊಡೆಯಲಿಲ್ಲ, ನಮ್ಮ ಕೋಣೆಯ ನಂಬರು ಅವರಿಗೆ ಹೊಡೆಯಿತು. ಆ ಹುಡುಗಿ ನನ್ನ ದೇಹದ ತುಂಬ ವಿಷ ಸೇರಿಕೊಂಡಿದೆಯೆಂದೂ, ಪಾಚಿ ಬಳಿದು ಸುತ್ತಿಟ್ಟರೆ ಇಳಿದುಹೋಗುವುದೆಂದೂ ವಿವರಿಸಿ, ‘ನಾಳೆ 10 ಗಂಟೆಗೆ ಬರುವಿರೋ, 3 ಗಂಟೆಗೋ?’ ಎಂದಳು.

ನನಗೆ ರೋಮಾಂಚನವಾಯಿತು. ‘ಬರುವಿರಾ’ ಎಂದು ಕೇಳಲಿಲ್ಲ ನೋಡಿ! ಬರುವುದು ಆಗಲೇ ತೀರ್ಮಾನವಾಗಿ ಗಂಟೆ ಒಂದೇ ಬಾಕಿ. ‘ಪಾಲಿಸಿ ಮಾಡಿಸುತ್ತೀರಾ’ ಎಂದು ನಾನು ಒಬ್ಬರನ್ನೂ ಕೇಳಿದವನಲ್ಲ. ‘ಕಂತು ತಿಂಗಳಿಗೆ ಕಟ್ಟುತ್ತೀರೋ, ವರ್ಷಕ್ಕೋ?’ ಎನ್ನುತ್ತಿದ್ದೆ. ಮೊದಲು ಹೆದರಿಸಬೇಕು, ಆಮೇಲೆ ಸಮಾಧಾನ ಮಾಡಬೇಕು, ಕೊನೆಗೆ ಎರಡು ಬಾಗಿಲು ತೋರಿಸಬೇಕು, ಎರಡೂ ಒಂದೇ ಕೋಣೆಗೆ ಹೋಗುವಂತಿರಬೇಕು. ಮುದಿ ಭಾಗವತ ಎಳೆಯ ಭಾಗವತನ ಪದ ಕೇಳಿ ತೂಗುವಂತೆ ನಾನು ತಲೆತೂಗಿದೆ. ಅದನ್ನು ಅವಳು ಒಪ್ಪಿಗೆ ಎಂದುಕೊಂಡಳು.

ಹಡಗು ಬಂದರಿನಲ್ಲಿ ನಿಂತಾಗ ಒಳಗಿನ ಅಂಗಡಿ, ಜೂಜುಕಟ್ಟೆ ಎಲ್ಲ ಮುಚ್ಚುತ್ತವೆ. ನೆಲದ ತೆರಿಗೆ, ನೆಲದ ಕಾನೂನು ಅಡ್ಡ ಬರುತ್ತವಂತೆ. ದಡ ಮರೆಯಾದರೆ ಸರಿ, ಜಾತ್ರೆ ಶುರು. ಬಿಂಗೋ, ಚಿತ್ರಗಳ ಹರಾಜು, ಹರಾಜಿಗೆ ಬಂದವರಿಗೆ ಪುಕ್ಕಟೆ ಶಾಂಪೇನು. ಕರಡಿಯ ವೇಷ ಹಾಕಿದವನೊಬ್ಬ ಹೆಗಲಿಗೆ ಕೈ ಹಾಕಿದರೆ ಫೋಟೊ ಆಯಿತೆಂದು ಅರ್ಥ. ಸಂಜೆ ಅದು ಬೆಲೆಯ ಸಮೇತ ಗೋಡೆಯ ಮೇಲಿರುತ್ತಿತ್ತು. ನನ್ನ ಗಿರಾಕಿಗಳಿಗಾದರೆ ಹಿತ್ತಿಲ ಬಾಗಿಲಿತ್ತು, ಅದರಾಚೆ ತೋಟವಿತ್ತು. ಹಡಗಿಗೆ ಹಿತ್ತಿಲೆಂಬುದಿಲ್ಲ.

ದಡಕ್ಕಿಳಿದರೂ ಬಿಡುಗಡೆಯಿಲ್ಲ. ಎಲ್ಲೆಲ್ಲಿ ಕೊಳ್ಳಬೇಕು ಎಂದು ಹಡಗಿನಲ್ಲೇ ಉಪನ್ಯಾಸ ಕೊಟ್ಟು, ಒಂದು ನಕಾಶೆಯನ್ನೂ ಪುಕ್ಕಟೆ ಪದಕದ ಕೂಪನ್ನನ್ನೂ ಕೈಗಿಟ್ಟಿರುತ್ತಾರೆ. ಸ್ಕ್ಯಾಗ್‌ವೇ ಎಂಬ ಪುಟ್ಟ ಊರಿನಲ್ಲಿ ಆ ಪದಕಕ್ಕೆಂದು ಆಭರಣದಂಗಡಿಗೆ ಹೋದೆವು. ‘ಆಯಿಯೇ ಅಂಕಲ್‌ಜೀ’ ಎಂದಿತು ಒಂದು ಧ್ವನಿ. ಅವನು ತೋರಿಸಿದ್ದು ಟ್ಯಾಂಜನೈಟ್ ಎಂಬ ನೀಲಿ ಕಲ್ಲು. 1967ರಲ್ಲಿ ಕಿಲಿಮಂಜಾರೋ ಪರ್ವತದ ಬಳಿ ಸಿಕ್ಕಿದ್ದು, ಲೋಕದಲ್ಲಿ ಬೇರೆಲ್ಲೂ ಇಲ್ಲ, ಗಣಿ ಬರಿದಾಗುತ್ತಿದೆ, ಇವತ್ತು ಬಿಟ್ಟರೆ ಉಂಟೇ ಎಂದ. ಆಫ್ರಿಕದ ಕಲ್ಲನ್ನು ಅಲಾಸ್ಕಾದಲ್ಲಿ ಒಬ್ಬ ಭಾರತೀಯ ಇನ್ನೊಬ್ಬ ಭಾರತೀಯನಿಗೆ ಹಿಂದಿಯಲ್ಲಿ ಮಾರುತ್ತಿದ್ದ. ನಾನೂ ಮಾರ್ಚ್ ತಿಂಗಳಲ್ಲಿ ‘ಈ ಪಾಲಿಸಿ 31ಕ್ಕೆ ನಿಂತೇ ಹೋಗುತ್ತೆ’ ಎನ್ನುತ್ತಿದ್ದೆ. ಏಪ್ರಿಲಿನಲ್ಲಿ ಅದು ಹೊಸ ಹೆಸರಿನಲ್ಲಿ ಬರುತ್ತಿತ್ತು.

ಈ ಊರು ಹುಟ್ಟಿ ಬೆಳೆದದ್ದೇ ಇಂಥ ವ್ಯಾಪಾರದಿಂದ. 1896ರಲ್ಲಿ ಕೆನಡಾದ ಕ್ಲಾಂಡೈಕ್‌ನಲ್ಲಿ ಚಿನ್ನ ಸಿಕ್ಕಿದ ಸುದ್ದಿ ಹಬ್ಬಿದಾಗ ಸುಮಾರು ಒಂದು ಲಕ್ಷ ಜನ ಮನೆಮಾರು ಬಿಟ್ಟು ಹೊರಟರಂತೆ. ಬಹಳ ಮಂದಿ ಬಂದಿಳಿದದ್ದು ಇಲ್ಲಿ. ಒಂದು ವರ್ಷಕ್ಕಾಗುವ ಸಾಮಾನು, ಸುಮಾರು ಒಂದು ಟನ್, ಜೊತೆಗಿಲ್ಲದಿದ್ದರೆ ಕೆನಡಾದ ಪೊಲೀಸರು ಗಡಿ ದಾಟಲು ಬಿಡುತ್ತಿರಲಿಲ್ಲ. ಚಿನ್ನ ಕಂಡವರು ಸುಮಾರು 4,000 ಮಂದಿ. ಅವರು ಅದನ್ನು ಮಣ್ಣು ಬಗೆದು ಹುಡುಕಬೇಕಾಯಿತು. ಸಲಿಕೆ, ಹಿಟ್ಟು, ಕಂಬಳಿ ಮಾರಿದವರಿಗೆ ಅದು ಅಂಗಡಿಗೇ ನಡೆದು ಬಂತು. ‘ನೀವು ಆ ಕಾಲದಲ್ಲಿ ಇಲ್ಲಿದ್ದಿದ್ದರೆ?’ ಎಂದಳು ಇವಳು. ‘ಚಿನ್ನಕ್ಕೆ ಹೊರಟವರಿಗೆ ಪಾಲಿಸಿ ಮಾಡಿಸುತ್ತಿದ್ದೆ’ ಎಂದೆ.

ಇಷ್ಟೆಲ್ಲದರ ನಡುವೆ ಒಂದು ಬೆಳಗ್ಗೆ ಮಾತ್ರ ಹಡಗು ಉಸಿರು ಕಟ್ಟಿಕೊಂಡಂತೆ ನಿಧಾನವಾಯಿತು. ಎಂಡಿಕಾಟ್ ಆರ್ಮ್ ಎಂಬ ಕಿರಿದಾದ ಕಡಲಚಾಚು. ಎರಡೂ ಬದಿ ಕಡಿದಾದ ಬೆಟ್ಟ, ಬೆಟ್ಟದಿಂದ ಇಳಿವ ನೂಲಿನಂಥ ಝರಿಗಳು. ಕೊನೆಯಲ್ಲಿ ಡಾಸ್ ಹಿಮನದಿ, ಹಳೆಯ ಬಾಟಲಿಯ ಗಾಜಿನಂಥ ನೀಲಿ. ನಾವೆಲ್ಲ ಶಾಲು ಹೊದ್ದು ಕಟಕಟೆಗೆ ಒರಗಿ ನಿಂತೆವು. ಇದ್ದಕ್ಕಿದ್ದಂತೆ ಮನೆಯಷ್ಟು ದೊಡ್ಡ ಮಂಜಿನ ಗೋಡೆಯೊಂದು ಸದ್ದಿಲ್ಲದೆ ಕಳಚಿಕೊಂಡಿತು. ಅದು ನೀರಿಗೆ ಬಿದ್ದು ಒಂದು ಗಳಿಗೆಯಾದ ಮೇಲೆ ಗುಡುಗು ಬಂತು. ‘ಅಯ್ಯೋ ದೇವರೇ’ ಎಂದು ಇವಳು ಕೈ ಮುಗಿದಳು. ಆಗಲೇ ಹಿಂದಿನಿಂದ, ‘ಹಾಟ್ ಚಾಕೊಲೇಟ್, ರಮ್ ಹಾಕಿದ್ದು! ನೆನಪಿಗೆ ಲೋಟ ನಿಮ್ಮದೇ!’

ಸಿಟ್ಟಿನಿಂದ ತಿರುಗಿದೆ. ಟ್ರೇ ಹಿಡಿದ ಹುಡುಗ ಇವಳನ್ನೇ ನೋಡುತ್ತಿದ್ದ. ‘ಅಮ್ಮ, ನೀವು ಕನ್ನಡವಾ?’ ಎಂದ. ಕಾರ್ಕಳದವನು.

‘ಎಂತ ಮಾಡುದು ಸರ್’ ಎಂದ, ಕೆಂಪಾಗಿ. ‘ಐಸ್ ನೋಡ್ಲಿಕ್ಕೆ ಬಂದವರ ಮುಖಕ್ಕೆ ಟ್ರೇ ಹಿಡಿಯುದು ಸರಿ ಅಲ್ಲ ಅಂತ ನಂಗೂ ಗೊತ್ತುಂಟು. ಆದ್ರೆ ರಾತ್ರಿ ಲೆಕ್ಕ ಕೇಳ್ತಾರಲ್ಲ. ಯಾರು ಎಷ್ಟು ಮಾರಿದ್ದು ಅಂತ ಬೋರ್ಡಲ್ಲಿ ಬರೀತಾರೆ.’ ಸ್ಪಾದ ಹುಡುಗಿಯ ವಿಷಯವನ್ನೂ ಅವನೇ ಹೇಳಿದ. ಫಿಲಿಪ್ಪೀನ್ಸ್‌ನವಳು. ಕಮಿಷನ್ನಿನ ಮೇಲೆಯೇ ಜೀವನ. ಈ ವಾರ ಬೋರ್ಡಿನಲ್ಲಿ ಅವಳ ಹೆಸರು ಎಲ್ಲರಿಗಿಂತ ಕೆಳಗಿದೆ.

‘ಈ ಹಿಮನದಿಗೆ ಎಷ್ಟು ಸಲ ಬಂದೆಯಪ್ಪ?’ ಎಂದು ಕೇಳಿದೆ.

‘ಇದು ಹನ್ನೆರಡನೇ ಸಲ ಸರ್. ಆದ್ರೆ ಅದು ಬೀಳುದನ್ನು ನೋಡ್ಲಿಲ್ಲ. ನಾನು ಅದಕ್ಕೆ ಬೆನ್ನು ಹಾಕಿ ನಿಲ್ಲುದಲ್ವಾ, ಗಿರಾಕಿಗಳ ಮುಖ ನೋಡ್ಬೇಕಲ್ಲ. ನಿಮ್ಮ ಬಾಯಿ ಎಲ್ಲ ಒಟ್ಟಿಗೇ ತೆರೀತದೆ. ಆಗ ಗೊತ್ತಾಗ್ತದೆ, ಬಿತ್ತು ಅಂತ.’

ನಾನು ಅವನ ಕೈಯಿಂದ ಟ್ರೇ ತೆಗೆದುಕೊಂಡೆ. ‘ತಿರುಗಿ ನೋಡು’ ಎಂದೆ. ಅತ್ತಿತ್ತ ಕಣ್ಣಾಡಿಸಿ ತಿರುಗಿದ. ಎರಡು ನಿಮಿಷ ನೋಡಿರಬೇಕು. ನಾನು ಟ್ರೇ ಹಿಡಿದು ನಿಂತದ್ದು ನೋಡಿ ಒಬ್ಬಾಕೆ ನನ್ನಿಂದಲೇ ಒಂದು ಲೋಟ ಎತ್ತಿಕೊಂಡು ಕಾರ್ಡು ಚಾಚಿದಳು. ಆ ಎರಡು ನಿಮಿಷದಲ್ಲಿ ಒಂದು ಚೂರು ಮಂಜೂ ಬೀಳಲಿಲ್ಲ. ಅಷ್ಟರಲ್ಲಿ ಯಾರೋ ಕರೆದರು. ಅವನು ಟ್ರೇ ತೆಗೆದುಕೊಂಡು, ನಗು ಹಚ್ಚಿಕೊಂಡು ಹೋದ.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ನಮ್ಮ ಆಫೀಸಿನಲ್ಲೂ ಅಂಥದೊಂದು ಬೋರ್ಡಿತ್ತು. ಮಾರ್ಚ್ ಬಂತೆಂದರೆ ಸೀಮೆಸುಣ್ಣದಲ್ಲಿ ಬರೆದ ನನ್ನ ಹೆಸರು ದಿನದಿನಕ್ಕೆ ಕೆಳಗಿಳಿಯುತ್ತಿತ್ತು. ಆಗ ನಾನು ಹೋಗುತ್ತಿದ್ದದ್ದು ಹೈಸ್ಕೂಲಿನ ಮೇಷ್ಟ್ರೊಬ್ಬರ ಮನೆಗೆ. ಅವರೊಬ್ಬರ ಮನೆಯ ಉಯ್ಯಾಲೆ ಮಾತ್ರ ಎಂದೂ ಖಾಲಿ ಇರುತ್ತಿರಲಿಲ್ಲ. ‘ಬಾರಯ್ಯ, ಮಾರ್ಚ್ ಬಂತಾ?’ ಎಂದು ಸರಿದು ಪಕ್ಕದಲ್ಲಿ ಜಾಗ ಮಾಡಿಕೊಡುತ್ತಿದ್ದರು. ನಾನು ಹೆದರಿಸುವ ಮೊದಲೇ ಹೆದರುತ್ತಿದ್ದರು, ಎರಡು ಬಾಗಿಲು ತೋರಿಸುವ ಮೊದಲೇ ಒಳಗೆ ಬರುತ್ತಿದ್ದರು. ವರ್ಷಕ್ಕೊಂದು ಸಣ್ಣ ಪಾಲಿಸಿ. ನನ್ನ ಮಾತಿನ ಮೋಡಿ ಅಂಥದು ಎಂದು ನಾನು ಬೀಗುತ್ತಿದ್ದೆ.

ಅವರು ತೀರಿಕೊಂಡ ವರ್ಷ ಕ್ಲೇಮಿನ ಕಾಗದಗಳಿಗಾಗಿ ಅವರ ಟ್ರಂಕು ತೆರೆದೆವು. ದಾರ ಕಟ್ಟಿದ 11 ಪಾಲಿಸಿಗಳಿದ್ದವು. ಹೆಚ್ಚಿನವು ಒಂದೆರಡು ಕಂತಿಗೇ ನಿಂತುಹೋಗಿದ್ದವು. ಜೊತೆಗೆ ಮನೆಯ ಲೆಕ್ಕದ ಪುಸ್ತಕ. ಅದರಲ್ಲಿ ಆ ಕಂತುಗಳು ಉಳಿತಾಯದ ಪುಟದಲ್ಲಿರಲಿಲ್ಲ. ಹಾಲು, ಸೌದೆ, ದೇವಸ್ಥಾನದ ತಟ್ಟೆ ಕಾಸು ಇವುಗಳ ಕೆಳಗೆ, ಖರ್ಚಿನ ಪುಟದಲ್ಲಿ, ಪ್ರತಿ ಮಾರ್ಚಿನಲ್ಲೂ ಒಂದು ಸಾಲು: ‘ನಮ್ಮ ಏಜೆಂಟ್ ಹುಡುಗನಿಗೆ.’

ಕೊನೆಯ ಸಂಜೆ ಹಡಗು ಕೆನಡಾದ ವಿಕ್ಟೋರಿಯಾದಲ್ಲಿ ನಿಂತಿತು. ಅಮೆರಿಕದಿಂದ ಹೊರಟು ಅಮೆರಿಕಕ್ಕೇ ಮರಳುವ ಪರದೇಶದ ಬಾವುಟದ ಹಡಗು ನಡುವೆ ಹೊರದೇಶದ ಒಂದು ಬಂದರನ್ನಾದರೂ ಮುಟ್ಟಿ ಬರಬೇಕಂತೆ. 1886ರ ಕಾನೂನು ಎಂದು ಮಗ ವಿವರಿಸಿದ. ನಮ್ಮ ಹಡಗಿನದು ಬಹಾಮಾಸ್‌ನ ಬಾವುಟ. ಶಾಸ್ತ್ರಕ್ಕೆ ಮುಟ್ಟಿ ಹೋಗುವುದು ನಮ್ಮ ನೆಂಟರಿಷ್ಟರ ಮನೆಗಳಲ್ಲಿ ಮಾತ್ರ ಎಂದುಕೊಂಡಿದ್ದೆ. ಎಲ್ಲರೂ ದಡಕ್ಕಿಳಿದರು. ನಾನು ಮಂಡಿನೋವಿನ ನೆಪ ಹೇಳಿ ಉಳಿದೆ.

ಖಾಲಿ ಹಡಗಿನಲ್ಲಿ ಸ್ಪಾದ ಬಾಗಿಲಿಗೆ ಹೋದೆ. ಆರು ದಿನ ನನ್ನ ಬೆನ್ನು ಹತ್ತಿದ್ದ ಹುಡುಗಿ, ನಾನೇ ಎದುರಿಗೆ ಬಂದದ್ದು ಕಂಡು ಗಾಬರಿಯಾದಳು. ದೂರು ಹೇಳಲು ಬಂದನೆಂದುಕೊಂಡಳೋ ಏನೋ. ಆ ಕ್ರೀಮು ಎಂದೆ. ಒಂದು ಗಳಿಗೆ ಅವಳಿಗೆ ಮಾತೇ ಹೊರಡಲಿಲ್ಲ. ಮರುಗಳಿಗೆ ಸಾವರಿಸಿಕೊಂಡು, ‘ಒಂದು ಕೊಡಲೋ, ಎರಡೋ?’ ಎಂದಳು. ಭೇಷ್ ಎಂದುಕೊಂಡೆ.

ಒಂದೇ ಕೊಂಡೆ. 64 ಡಾಲರು.

‘ನಿಮಗೇನು ಬಂತು ರೀ? ಜೀವಮಾನವಿಡೀ ಲೋಕಕ್ಕೆ ಮಾರಿದವರು!’ ಎಂದು ಇವಳು ರಾತ್ರಿ ಎರಡು ಗಂಟೆ ಬೈದಳು. ಮೇಷ್ಟ್ರ ವಿಷಯ ನಾನು ಹೇಳಲಿಲ್ಲ. ಡೈರಿ ತೆಗೆದು ಲೆಕ್ಕ ಬರೆದೆ. ತಿಂಗಳು ಜುಲೈ ಆಗಿದ್ದರೂ ಬರೆದದ್ದು ಹೀಗೆ: ‘ಮಾರ್ಚ್ ಖರ್ಚು, 64 ಡಾಲರ್.’

ಆ ಡಬ್ಬಿ ಈಗ ಸಾಗರದ ನಮ್ಮ ಮನೆಯ ಬಚ್ಚಲಿನ ಗೂಡಿನಲ್ಲಿದೆ. ಬೈದರೂ ಇವಳು ದಿನಾ ರಾತ್ರಿ ಅದನ್ನು ಹಿಮ್ಮಡಿಗೆ ಹಚ್ಚಿಕೊಳ್ಳುತ್ತಾಳೆ. ಒಡಕು ಹಾಗೆಯೇ ಇದೆ.